ಜಿಯೋಕ್ಯಾಶಿಂಗ್: ಹುಡುಕುವುದು ಹೇಗೆ, ಹುಡುಕಲು ಯೋಗ್ಯವಾದುದನ್ನು ಅಡಗಿಸುವುದು ಹೇಗೆ

ಯಾರೋ ಒಬ್ಬರು ಒಂದು ಡಬ್ಬಿಯನ್ನು ಅಡಗಿಸಿ, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಹಾಕುತ್ತಾರೆ. ಇನ್ನೊಬ್ಬರು ಮೊಬೈಲ್ ಹಿಡಿದು ಹೋಗಿ ಅದನ್ನು ಹುಡುಕಿ, ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು, ತಾರೀಖು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಜಿಯೋಕ್ಯಾಶಿಂಗ್ ಎಂದರೆ ಇಷ್ಟೇ. ಆ ಡಬ್ಬಿಗೆ ಆಟಗಾರರು ಕ್ಯಾಶ್ ಎನ್ನುತ್ತಾರೆ. ನಿಧಿಯ ಆಸೆಯಿಂದ ತೆರೆದವರಿಗೆ ಅದರಲ್ಲಿ ಸಿಗುವುದು ಗೋಲಿ, ಕೀಚೈನು, ಬಣ್ಣ ಮಾಸಿದ ಪ್ಲಾಸ್ಟಿಕ್ ಡೈನೋಸಾರ್. ಆದರೂ ಜಗತ್ತಿನಲ್ಲಿ ಈಗ 30 ಲಕ್ಷಕ್ಕೂ ಹೆಚ್ಚು ಕ್ಯಾಶ್‌ಗಳಿವೆ, ಮಳೆಯಲ್ಲಿ ನೆನೆದುಕೊಂಡು ಹುಡುಕುವವರೂ ಇದ್ದಾರೆ. ಡಬ್ಬಿ ನೆಪ ಮಾತ್ರ. ತಾನಾಗಿ ಎಂದೂ ಹೋಗದಿದ್ದ ಒಂದು ಜಾಗಕ್ಕೆ ಮನುಷ್ಯನನ್ನು ಕರೆದೊಯ್ಯುವುದೇ ಈ ಆಟದ ತಿರುಳು. ಒಳ್ಳೆಯ ಕ್ಯಾಶ್ ಯಾವುದು, ಕೆಟ್ಟದ್ದು ಯಾವುದು ಎಂಬ ಲೆಕ್ಕವೆಲ್ಲ ಇದರಿಂದಲೇ ಹೊರಡುತ್ತದೆ. ನಾನಿರುವುದು ಸಿಯಾಟಲ್ ಕಡೆ, ಈ ಆಟದ ತವರು ಸೀಮೆಯಲ್ಲಿ. ಹಾಗಾಗಿ ಇಲ್ಲಿನ ಉದಾಹರಣೆಗಳು ಹೆಚ್ಚು. ಊರಿಗೆ ಬಂದಾಗ ಬದಲಾಗುವ ಸಂಗತಿಗಳನ್ನು ಅಲ್ಲಲ್ಲೇ ಹೇಳುತ್ತೇನೆ.

ಆಟ ಹುಟ್ಟಿದ ಬಗೆ

2000ದ ಮೇ ತಿಂಗಳವರೆಗೆ ಅಮೆರಿಕದ ಸೇನೆ ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ದೋಷ ಬೆರೆಸುತ್ತಿತ್ತು. ಉಪಕರಣ ತೋರಿಸುವ ಜಾಗ ನೂರು ಮೀಟರ್‌ವರೆಗೂ ತಪ್ಪುತ್ತಿತ್ತು. ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಆದೇಶದಂತೆ ಮೇ 2ರಂದು ಅದು ನಿಂತಿತು; ಎಲ್ಲರ ಕೈಯಲ್ಲಿದ್ದ ಉಪಕರಣಗಳು ರಾತ್ರೋರಾತ್ರಿ ಸುಮಾರು ಹತ್ತು ಪಟ್ಟು ನಿಖರವಾದವು. ಮರುದಿನವೇ, ಮೇ 3ರಂದು, ಡೇವ್ ಅಲ್ಮರ್ ಎಂಬವರು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರದ ಕಾಡಂಚಿನಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಬಕೆಟ್ ಇಟ್ಟು, ಉತ್ತರ 45° 17.460′, ಪಶ್ಚಿಮ 122° 24.800′ ಎಂದು ಪ್ರಕಟಿಸಿದರು. ಒಳಗೆ ಪುಸ್ತಕ, ವಿಡಿಯೊ, ನಕ್ಷೆಯ ತಂತ್ರಾಂಶ, ತಿನಿಸು, ಒಂದಿಷ್ಟು ಹಣ, ಒಂದು ಕವಣೆ. ಏನಾದರೂ ತೆಗೆದುಕೊಳ್ಳಿ, ಏನಾದರೂ ಇಡಿ, ಪುಸ್ತಕದಲ್ಲಿ ಬರೆಯಿರಿ ಎಂಬ ನಿಯಮ ಅಂದೇ ಬಂತು. ಕೆಲವೇ ದಿನಗಳಲ್ಲಿ ಮೈಕ್ ಟೀಗ್ ಅದನ್ನು ಹುಡುಕಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜೆರೆಮಿ ಐರಿಶ್ ಜಿಯೋಕ್ಯಾಶಿಂಗ್ ಡಾಟ್ ಕಾಮ್ ತೆರೆದರು; ಅದನ್ನು ನಡೆಸುವ ಸಂಸ್ಥೆಯ ಕೇಂದ್ರ ಕಚೇರಿ ಇಂದಿಗೂ ಸಿಯಾಟಲ್‌ನಲ್ಲಿದೆ.

ತಮಾಷೆಯೆಂದರೆ ಆ ಮೊದಲ ಬಕೆಟ್ಟನ್ನು ಇಂದು ಯಾರಾದರೂ ಇಟ್ಟರೆ, ಹೊಸ ಕ್ಯಾಶ್‌ಗಳನ್ನು ನೋಡಿ ಪ್ರಕಟಿಸುವ ವೆಬ್‌ಸೈಟಿನ ಪರಿಶೀಲಕರು ಒಪ್ಪುವುದೇ ಇಲ್ಲ. ಅದನ್ನು ಬಹುಪಾಲು ನೆಲದಲ್ಲಿ ಹೂತಿದ್ದರು, ಒಳಗೆ ತಿನಿಸಿತ್ತು. ಎರಡೂ ಈಗ ನಿಷಿದ್ಧ. ನೆಲ ಅಗೆದರೆ ಆ ಜಾಗ ನೋಡಿಕೊಳ್ಳುವವರ ಕೋಪ, ತಿನಿಸಿಟ್ಟರೆ ಪ್ರಾಣಿಗಳ ಕಾಟ. ಇವತ್ತಿನ ನಿಯಮಗಳೆಲ್ಲ ಇಂಥ ಅನುಭವದಿಂದಲೇ ಬಂದವು.

1. ಮೊದಲು ಹುಡುಕಿ

ಹುಡುಕದೆ ಅಡಗಿಸಲು ಹೊರಟವರ ಕ್ಯಾಶ್ ದೂರದಿಂದಲೇ ಗುರುತು ಸಿಗುತ್ತದೆ. ಕನಿಷ್ಠ ಇಪ್ಪತ್ತಾದರೂ ಹುಡುಕಿದ ಮೇಲೆ ಅಡಗಿಸುವ ಯೋಚನೆ ಮಾಡಿ ಎಂಬ ಸಲಹೆ ಆಟಗಾರರಲ್ಲಿ ರೂಢಿಯಲ್ಲಿದೆ. ಐವತ್ತು ಎಂದರೂ ನಾನು ಬೇಡವೆನ್ನುವುದಿಲ್ಲ.

ಅಧಿಕೃತ ಆ್ಯಪ್‌ನಲ್ಲಿ ಖಾತೆ ತೆರೆಯುವುದು ಉಚಿತ. ಹಣ ಕೊಡದ ಸದಸ್ಯರಿಗೆ ಎಲ್ಲ ಕ್ಯಾಶ್‌ಗಳೂ ಕಾಣುವುದಿಲ್ಲ, ಆದರೆ ಶುರು ಮಾಡಲು ಕಾಣುವಷ್ಟೇ ಸಾಕು. ಪ್ರತಿ ಕ್ಯಾಶ್‌ಗೂ ಎರಡು ಅಂಕಗಳಿರುತ್ತವೆ: ಹುಡುಕಲು ಎಷ್ಟು ಕಷ್ಟ, ಅಲ್ಲಿಗೆ ತಲುಪಲು ಎಷ್ಟು ಕಷ್ಟ. ಎರಡೂ 1ರಿಂದ 5ರವರೆಗೆ, ಅರ್ಧರ್ಧ ಅಂಕದ ಹೆಜ್ಜೆಯಲ್ಲಿ. ತಲುಪುವ ಅಂಕ 1 ಇದ್ದರೆ ಗಾಲಿಕುರ್ಚಿಯಲ್ಲಿ ಕುಳಿತವರೂ ಹೋಗಬಹುದು ಎಂದರ್ಥ. 5 ಇದ್ದರೆ ದೋಣಿಯೋ ಹಗ್ಗವೋ ಬೇಕು. ಹೊಸಬರು ಎರಡೂ ಅಂಕ 2ಕ್ಕಿಂತ ಕಡಿಮೆ ಇರುವುದನ್ನು ಆರಿಸಲಿ. ಗಾತ್ರವನ್ನೂ ನೋಡಿ. 100 ಮಿಲಿಲೀಟರಿಗಿಂತ ಚಿಕ್ಕದು ಮೈಕ್ರೊ, ಒಂದು ಲೀಟರ್‌ವರೆಗೆ ಸ್ಮಾಲ್, 20 ಲೀಟರ್‌ವರೆಗೆ ರೆಗ್ಯುಲರ್, ಅದಕ್ಕೂ ಮೀರಿದರೆ ಲಾರ್ಜ್. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಮೈಕ್ರೊ ಬೇಡವೇ ಬೇಡ. ಹತ್ತು ನಿಮಿಷ ಹುಡುಕಿ ಬೆರಳ ತುದಿಯಷ್ಟು ಕಾಗದದ ಸುರುಳಿ ಸಿಕ್ಕಿದರೆ ಮಕ್ಕಳು ಇನ್ನೊಮ್ಮೆ ಬರುವುದಿಲ್ಲ.

ಕೊನೆಗೆ, ಹಿಂದೆ ಹೋದವರು ಬರೆದ ಲಾಗ್‌ಗಳನ್ನು ಓದಿ. ಕೊನೆಯ ಮೂರು ನಾಲ್ಕು ಮಂದಿ ‘ಸಿಗಲಿಲ್ಲ’ ಎಂದಿದ್ದರೆ ಡಬ್ಬಿ ಅಲ್ಲಿಲ್ಲದಿರುವ ಸಾಧ್ಯತೆಯೇ ಹೆಚ್ಚು.

ಜೇಬಿನಲ್ಲಿ ಮರೆಯದೆ ಇರಬೇಕಾದದ್ದು ಪೆನ್ನು. ಡಬ್ಬಿ ಸಿಕ್ಕಿ ಪೆನ್ನಿಲ್ಲದೆ ಪೇಚಾಡುವವರು ಅಸಂಖ್ಯ. ಜೊತೆಗೆ ಒಂದು ಚಿಕ್ಕ ಟಾರ್ಚು, ಸುರುಳಿ ಕಾಗದ ಎಳೆಯಲು ಚಿಮಟ, ನೀರು. ಕರ್ನಾಟಕದಲ್ಲಾದರೆ ಒಂದು ಕೋಲು ಕಡ್ಡಾಯ. ಬಂಡೆಯ ಸಂದಿಗೆ ಕೈ ಹಾಕುವ ಮೊದಲು ಕೋಲು ಹೋಗಲಿ. ಹಾವಿಗೂ ಚೇಳಿಗೂ ಆ ಸಂದಿಯೇ ಇಷ್ಟ.

2. ಕೊನೆಯ ಹತ್ತು ಮೀಟರ್

ಮೊಬೈಲಿನ ಜಿಪಿಎಸ್ ತೆರೆದ ಬಯಲಿನಲ್ಲಿ ಸುಮಾರು ಐದು ಮೀಟರ್ ನಿಖರ. ದಟ್ಟ ಮರಗಳ ಕೆಳಗೆ ಅಥವಾ ಎತ್ತರದ ಕಟ್ಟಡಗಳ ನಡುವೆ ಸಂಕೇತ ಅಲ್ಲಿ ಇಲ್ಲಿ ಬಡಿದು ಬರುವುದರಿಂದ ತಪ್ಪು ಇನ್ನೂ ಹೆಚ್ಚು. ಅಡಗಿಸಿದವರ ಉಪಕರಣಕ್ಕೂ ಇದೇ ಗತಿ ಬಂದಿರುತ್ತದೆ. ಹಾಗಾಗಿ ಬಾಣದ ಗುರುತು ಹತ್ತು ಮೀಟರ್ ದೂರ ತೋರಿಸಿದ ಕೂಡಲೇ ಮೊಬೈಲನ್ನು ಜೇಬಿಗೆ ಹಾಕಿ. ಹೊಸಬರು ಮಾಡುವ ದೊಡ್ಡ ತಪ್ಪೇ ಬಾಣದ ಹಿಂದೆ ಗಿರಗಿರನೆ ಸುತ್ತುವುದು.

ಸುಮ್ಮನೆ ನಿಂತು ನೋಡಿ. ನಾನೇ ಅಡಗಿಸಬೇಕಿದ್ದರೆ ಎಲ್ಲಿಡುತ್ತಿದ್ದೆ ಎಂದು ಕೇಳಿಕೊಳ್ಳಿ. ಕಾಡಿನಲ್ಲಾದರೆ ಟೊಳ್ಳಾದ ಬುಡ, ಬಿದ್ದ ಮರದ ಅಡಿ, ಒಂದೇ ಅಳತೆಯ ಕಡ್ಡಿಗಳನ್ನು ಸಾಲಾಗಿ ಒತ್ತಿಟ್ಟ ಜಾಗ. ಬಿದ್ದ ಕಡ್ಡಿಗಳು ಹಾಗೆ ಸಾಲು ಹಿಡಿಯುವುದಿಲ್ಲ. ಪೇಟೆಯಲ್ಲಾದರೆ ಕಬ್ಬಿಣದ ಕಂಬಿಯ ಹಿಂದೆ ಅಯಸ್ಕಾಂತದಿಂದ ಅಂಟಿಕೊಂಡ ಪುಟ್ಟ ಡಬ್ಬಿ. ಅಮೆರಿಕದ ಅಂಗಡಿಗಳ ಪಾರ್ಕಿಂಗ್ ಜಾಗದಲ್ಲಿ ದೀಪದ ಕಂಬದ ಬುಡಕ್ಕೆ ತಗಡಿನ ಹೊದಿಕೆ ಇರುತ್ತದೆ. ಅದನ್ನು ಎತ್ತಿದರೆ ಕೆಳಗೆ ಕ್ಯಾಶ್ ಇರುವುದು ಎಷ್ಟು ಮಾಮೂಲಿಯೆಂದರೆ ಹಳಬರು ಅಲ್ಲಿ ಕಾರಿನಿಂದ ಇಳಿಯಲೂ ಉದಾಸೀನ ಮಾಡುತ್ತಾರೆ. ಭಾರತದಲ್ಲಿ ಇದನ್ನು ಅನುಕರಿಸಬೇಡಿ. ನಮ್ಮ ಬೀದಿಕಂಬಗಳಲ್ಲಿ ಯಾವ ತಂತಿ ಎಲ್ಲಿ ತೆರೆದುಕೊಂಡಿದೆಯೋ ಯಾರು ಬಲ್ಲರು.

ಆಟ ತಿಳಿಯದ ದಾರಿಹೋಕರನ್ನು ಆಟಗಾರರು ಮಗಲ್ ಎನ್ನುತ್ತಾರೆ. ಅವರ ಕಣ್ಣೆದುರು ಡಬ್ಬಿ ತೆಗೆದರೆ, ನೀವು ಹೋದ ಮೇಲೆ ಅವರು ಹೋಗಿ ನೋಡುವುದು ಖಂಡಿತ, ಡಬ್ಬಿ ಮಾಯವಾಗುವುದೂ ಖಂಡಿತ. ಅವರು ಹೋಗುವವರೆಗೆ ಶೂ ದಾರ ಕಟ್ಟಿಕೊಳ್ಳಿ, ಫೋನಿನಲ್ಲಿ ಮಾತಾಡುವಂತೆ ನಟಿಸಿ. ಯಾರಾದರೂ ನೇರವಾಗಿ ಏನು ಮಾಡುತ್ತಿದ್ದೀರಿ ಎಂದು ಕೇಳಿದರೆ, ಅದರಲ್ಲೂ ಪೊಲೀಸರೋ ಕಾವಲುಗಾರರೋ ಕೇಳಿದರೆ, ನಿಜವನ್ನೇ ಹೇಳಿ, ಆ್ಯಪ್ ತೋರಿಸಿ.

ಸಿಕ್ಕಿದ ಮೇಲೆ ಪುಸ್ತಕದಲ್ಲಿ ಸಹಿ ಹಾಕುವುದೇ ನಿಯಮ. ಸಹಿಯಿಲ್ಲದಿದ್ದರೆ ಅದು ಲೆಕ್ಕಕ್ಕಿಲ್ಲ. ಒಳಗಿನದೇನಾದರೂ ತೆಗೆದುಕೊಂಡರೆ ಅದಕ್ಕೆ ಸಮನಾದದ್ದನ್ನೋ ಹೆಚ್ಚಿನದನ್ನೋ ಇಡಿ. ಸಂಖ್ಯೆ ಕೆತ್ತಿದ ಲೋಹದ ಬಿಲ್ಲೆ ಸಿಕ್ಕಿದರೆ ಅದು ಟ್ರಾವೆಲ್ ಬಗ್, ಊರಿಂದೂರಿಗೆ ಪ್ರಯಾಣ ಮಾಡುವ ವಸ್ತು. ಅದನ್ನು ಒಯ್ದು ಬೇರೊಂದು ಕ್ಯಾಶ್‌ನಲ್ಲಿ ಇಡಬೇಕು, ಶೋಕೇಸಿನಲ್ಲಲ್ಲ. ಡಬ್ಬಿಯನ್ನು ಮುಚ್ಚಳ ಬಿಗಿಯಾಗಿ ಹಾಕಿ ಇದ್ದಂತೆಯೇ ಇಡಿ. ಇನ್ನೂ ಚೆನ್ನಾಗಿ ಅಡಗಿಸುತ್ತೇನೆ ಎಂಬ ಉಪಕಾರ ಬೇಡ. ಎರಡು ಮೀಟರ್ ಸರಿಸಿದರೂ ಮುಂದಿನವರಿಗೆ ಅದು ಬೇರೆಯೇ ಕ್ಯಾಶ್.

ಮನೆಗೆ ಬಂದು ಆ್ಯಪ್‌ನಲ್ಲಿ ಲಾಗ್ ಬರೆಯುವಾಗ ಬರೀ ‘ಟಿಎಫ್‌ಟಿಸಿ’ (ಥ್ಯಾಂಕ್ಸ್ ಫಾರ್ ದ ಕ್ಯಾಶ್) ಎಂಬ ನಾಲ್ಕಕ್ಷರದ ಧನ್ಯವಾದ ಒತ್ತಿ ಮುಗಿಸುವವರೇ ಹೆಚ್ಚು. ಅಡಗಿಸಿದವರಿಗೆ ಸಂಬಳವಿಲ್ಲ, ಬಹುಮಾನವಿಲ್ಲ, ಸಿಗುವುದು ಆ ಲಾಗ್ ಒಂದೇ. ಎರಡು ವಾಕ್ಯ ಬರೆಯಿರಿ. ಸಿಗದಿದ್ದರೆ ಅದನ್ನೂ ಬರೆಯಿರಿ. ಅದರಲ್ಲಿ ಅವಮಾನವೇನಿಲ್ಲ, ಡಬ್ಬಿ ಕಳೆದುಹೋಗಿದೆ ಎಂಬುದು ಮಾಲೀಕರಿಗೆ ಗೊತ್ತಾಗುವುದು ಹಾಗೆಯೇ.

3. ಅಡಗಿಸುವ ಜಾಗ

ಇಲ್ಲಿಂದ ಮುಂದಿನದು ಈ ಬರಹದ ಮುಖ್ಯ ಭಾಗ. ಹೊಸಬರು ಮೊದಲು ಡಬ್ಬಿ ಕೊಳ್ಳುತ್ತಾರೆ, ಆಮೇಲೆ ಅದನ್ನಿಡಲು ಜಾಗ ಹುಡುಕುತ್ತಾರೆ. ಇದನ್ನು ತಿರುವುಮುರುವು ಮಾಡಬೇಕು. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಡಬ್ಬಿಯೇ ಇಲ್ಲದಿದ್ದರೂ ಸ್ನೇಹಿತರನ್ನು ನಾನು ಇಲ್ಲಿಗೆ ಕರೆತರುತ್ತಿದ್ದೆನೇ? ಹೌದು ಎನ್ನಿಸಿದರೆ ಮಾತ್ರ ಮುಂದುವರಿಯಿರಿ. ಬೆಟ್ಟದ ನೆತ್ತಿಯೇ ಆಗಬೇಕೆಂದಿಲ್ಲ. ಹಳೆಯ ಬಾವಿ, ಊರಿನವರಿಗೇ ಮರೆತುಹೋದ ಕಾಲುದಾರಿ, ಸಂಜೆ ಬೆಳಕು ಚೆನ್ನಾಗಿ ಬೀಳುವ ಕೆರೆಯ ಏರಿ, ದೊಡ್ಡದೊಂದು ಆಲದ ಮರ, ಅಷ್ಟು ಸಾಕು.

ಇದಕ್ಕೆ ತದ್ವಿರುದ್ಧವಾದದ್ದು ಪವರ್ ಟ್ರೇಲ್. ನೆವಾಡದ ಮರುಭೂಮಿಯ ಹೆದ್ದಾರಿಯೊಂದರ ಬದಿಯಲ್ಲಿ ಸುಮಾರು 160 ಮೀಟರಿಗೊಂದರಂತೆ ಒಂದೇ ಬಗೆಯ ಪುಟ್ಟ ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದಾರೆ. ಕಾರು ನಿಲ್ಲಿಸು, ಇಳಿ, ಸಹಿ ಹಾಕು, ಹತ್ತು, ಮತ್ತೆ ನಿಲ್ಲಿಸು. ದಿನಕ್ಕೆ ನೂರಾರು ಸಿಗುತ್ತವೆ, ಸಂಖ್ಯೆ ಏರುತ್ತದೆ. ಸಂಖ್ಯೆಗಾಗಿಯೇ ಆಡುವವರಿಗೆ ಅದು ಸಂತೋಷವಾದರೆ ನನ್ನ ತಕರಾರಿಲ್ಲ, ಆದರೆ ಸಂಜೆ ಮನೆಗೆ ಬಂದವರಿಗೆ ಯಾವ ಒಂದು ಡಬ್ಬಿಯೂ ನೆನಪಿನಲ್ಲಿರುವುದಿಲ್ಲ.

ಅನುಮತಿಯ ವಿಷಯದಲ್ಲಿ ಸಡಿಲ ಬೇಡ. ಖಾಸಗಿ ಜಮೀನಾದರೆ ಮಾಲೀಕರ ಒಪ್ಪಿಗೆ ಬೇಕು. ವಾಷಿಂಗ್ಟನ್ ರಾಜ್ಯದ ಉದ್ಯಾನಗಳಲ್ಲಿ ಇಡಲು ಪರವಾನಗಿ ಪಡೆಯಬೇಕು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಡಬ್ಬಿಗೆ ಒಪ್ಪಿಗೆ ಸಿಗುವುದೇ ಅಪರೂಪ. ಕರ್ನಾಟಕದಲ್ಲಿ ವನ್ಯಜೀವಿಧಾಮಗಳ ಒಳಗೆ ಅನುಮತಿಯಿಲ್ಲದೆ ಕಾಲಿಡುವುದೇ ಅಪರಾಧ, ಡಬ್ಬಿಯ ಮಾತು ದೂರ. ಪುರಾತತ್ವ ಇಲಾಖೆಯ ಸ್ಮಾರಕಗಳ ಕಲ್ಲುಸಂದಿಗಳನ್ನಂತೂ ಮುಟ್ಟಬೇಡಿ. ಹಂಪಿಯ ಮಂಟಪದಲ್ಲಿ ನೀವು ಮೆಲ್ಲಗೆ ಒಂದು ಡಬ್ಬಿ ಇಟ್ಟಿರಬಹುದು. ನಿಮ್ಮ ಹಿಂದೆ ಬರುವ ನೂರು ಮಂದಿ ಆ ಡಬ್ಬಿಗಾಗಿ ಎಷ್ಟು ಕಲ್ಲುಗಳನ್ನು ಅಲ್ಲಾಡಿಸುತ್ತಾರೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಎಲ್ಲಿಟ್ಟರೂ ಈ ನೂರು ಮಂದಿಯನ್ನು ಕಣ್ಮುಂದೆ ತಂದುಕೊಳ್ಳಬೇಕು. ಹುಲ್ಲಿನ ಮೇಲೆ ನೀವೊಬ್ಬರು ನಡೆದರೆ ಗುರುತಿಲ್ಲ, ನೂರು ಮಂದಿ ನಡೆದರೆ ದಾರಿ.

ರೈಲ್ವೆ ನಿಲ್ದಾಣ, ಮೆಟ್ರೊ, ವಿಮಾನ ನಿಲ್ದಾಣ, ಸೇನಾ ಪ್ರದೇಶ, ಅಣೆಕಟ್ಟು, ಶಾಲೆ ಇವುಗಳ ಹತ್ತಿರ ಬೇಡ. 2011ರ ಜುಲೈಯಲ್ಲಿ ಇಂಗ್ಲೆಂಡಿನ ವೆದರ್‌ಬಿ ಪಟ್ಟಣದಲ್ಲಿ ಕೆಫೆಯೊಂದರ ಹೊರಗೆ ಒಬ್ಬ ಆಟಗಾರ ಪುಟ್ಟ ಡಬ್ಬಿಯೊಂದಿಗೆ ಇದ್ದುದನ್ನು ಕಂಡವರಿಗೆ ಅನುಮಾನ ಬಂದು, ಬಾಂಬ್ ನಿಷ್ಕ್ರಿಯ ದಳವೇ ಬಂದು ಆ ಕ್ಯಾಶನ್ನು ಸ್ಫೋಟಿಸಿತು. ಬೆಂಗಳೂರಿನಂಥ ಊರಿನಲ್ಲಿ ವಾರಸುದಾರರಿಲ್ಲದ ಡಬ್ಬಿ ಕಂಡರೆ ಜನ ಏನು ಮಾಡುತ್ತಾರೆಂದು ನೀವೇ ಊಹಿಸಿ.

ಇನ್ನೊಂದು ಕ್ಯಾಶ್‌ನಿಂದ ಕನಿಷ್ಠ 161 ಮೀಟರ್ ದೂರವಿರಬೇಕೆಂಬುದು ಕಟ್ಟುನಿಟ್ಟಿನ ನಿಯಮ. ಒಂದು ಮೈಲಿಯ ಹತ್ತನೆಯ ಒಂದು ಭಾಗ, ಅದಕ್ಕೇ ಈ ವಿಚಿತ್ರ ಅಂಕಿ. ಒಗಟು ಬಿಡಿಸಿ ತಲುಪುವ ಮಿಸ್ಟರಿ, ಹಲವು ಹಂತಗಳ ಮಲ್ಟಿ ಇವುಗಳ ಕೊನೆಯ ಡಬ್ಬಿ ನಕ್ಷೆಯಲ್ಲಿ ಕಾಣುವುದಿಲ್ಲ. ಆದ್ದರಿಂದ ನಕ್ಷೆ ಖಾಲಿ ಕಂಡರೂ ಜಾಗ ಖಾಲಿಯೆಂದು ನಂಬಬೇಡಿ. ಸುತ್ತಲಿನವನ್ನು ಬಿಡಿಸಿ ನೋಡಿ, ಇಲ್ಲವೇ ಪರಿಶೀಲಕರನ್ನು ಮೊದಲೇ ಕೇಳಿ.

ಡಬ್ಬಿ ಇಡಲಾಗದ ಅಪರೂಪದ ಜಾಗಗಳಿಗೆ ಬೇರೊಂದು ಉಪಾಯವಿದೆ, ಅರ್ಥ್‌ಕ್ಯಾಶ್. 2004ರಲ್ಲಿ ಅಮೆರಿಕದ ಭೂವಿಜ್ಞಾನ ಸಂಘದ ಆಶ್ರಯದಲ್ಲಿ ಶುರುವಾದ ಈ ಬಗೆಯಲ್ಲಿ ಡಬ್ಬಿಯೂ ಇಲ್ಲ, ಪುಸ್ತಕವೂ ಇಲ್ಲ. ಸ್ಥಳದ ಭೂವಿಜ್ಞಾನದ ಪಾಠವೊಂದನ್ನು ಬರೆದು, ಅಲ್ಲಿಗೆ ಹೋಗಿ ನೋಡಿದವರಷ್ಟೇ ಉತ್ತರಿಸಬಲ್ಲ ಪ್ರಶ್ನೆಗಳನ್ನು ಕೇಳಬೇಕು. ಲಾಲ್‌ಬಾಗಿನ ಬಂಡೆ, ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ, ಇದಕ್ಕೆ ಹೇಳಿ ಮಾಡಿಸಿದ್ದು. ಮಲ್ಪೆಯ ಆಚೆಗಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೂ ಅಷ್ಟೇ. ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ ಲಾವಾ ತಣ್ಣಗಾಗುತ್ತ ಬಿರುಕುಬಿಟ್ಟು ಆದ ಕಂಬಗಳವು. ‘ಇಲ್ಲಿನ ಫಲಕದಲ್ಲಿ ಏನು ಬರೆದಿದೆ’ ಎಂದು ಕೇಳುವ ಅರ್ಥ್‌ಕ್ಯಾಶ್ ಸೋಮಾರಿಗಳದ್ದು. ‘ಐದು ಕಂಬಗಳ ಮುಖಗಳನ್ನು ಎಣಿಸಿ, ಎಲ್ಲಕ್ಕೂ ಆರೇ ಮುಖಗಳಿವೆಯೇ, ಇಲ್ಲದಿದ್ದರೆ ಏಕಿರಬಹುದು’ ಎಂದು ಕೇಳಿ. ಬಂದವರು ಕಲ್ಲಿನ ಮೇಲೆ ಕೈಯಿಟ್ಟು ನೋಡುತ್ತಾರೆ.

4. ಡಬ್ಬಿ

ಕ್ಯಾಶ್‌ನ ಶತ್ರು ಕಳ್ಳನಲ್ಲ, ನೀರು. ಒದ್ದೆಯಾಗಿ ಮುದ್ದೆಯಾದ ಪುಸ್ತಕದ ಮೇಲೆ ಸಹಿ ಹಾಕಲಾಗುವುದಿಲ್ಲ, ಡಬ್ಬಿ ತೆರೆದರೆ ಬೂಷ್ಟಿನ ವಾಸನೆ. ಹಳೆಯ ಫೋಟೊ ಫಿಲ್ಮಿನ ಡಬ್ಬಿ ಈ ಆಟದಲ್ಲಿ ಜನಪ್ರಿಯವಾದರೂ ಅದರ ಮುಚ್ಚಳ ಮಳೆ ತಡೆಯುವುದಿಲ್ಲ. ಅಷ್ಟೇ ಗಾತ್ರದ್ದು ಬೇಕಿದ್ದರೆ ಪಿಇಟಿ (ತಂಪುಪಾನೀಯದ ಪ್ಲಾಸ್ಟಿಕ್) ಬಾಟಲಿ ಊದುವ ಮುನ್ನ ಇರುವ ದಪ್ಪ ನಳಿಕೆ ಎಷ್ಟೋ ಉತ್ತಮ. ಮಾಮೂಲಿ ಬಾಟಲಿಯ ತಿರುಗಣೆ ಮುಚ್ಚಳವೇ ಅದಕ್ಕೆ ಕೂರುತ್ತದೆ. ದೊಡ್ಡದಕ್ಕೆ ನಾಲ್ಕೂ ಬದಿ ಚಿಲಕವಿದ್ದು ಒಳಗೆ ರಬ್ಬರ್ ಪಟ್ಟಿಯಿರುವ ಪ್ಲಾಸ್ಟಿಕ್ ಡಬ್ಬಿ ಆಗುತ್ತದೆ. ಅಮೆರಿಕದ ಕಾಡುಗಳಲ್ಲಿ ಸೈನ್ಯದ ಹಳೆಯ ಮದ್ದುಗುಂಡಿನ ಉಕ್ಕಿನ ಪೆಟ್ಟಿಗೆಗಿಂತ ಒಳ್ಳೆಯದಿಲ್ಲ, ವರ್ಷಗಟ್ಟಲೆ ಒಣಗಿರುತ್ತದೆ. ಅದನ್ನು ಭಾರತದಲ್ಲಿ ಇಡುವ ಧೈರ್ಯ ಮಾತ್ರ ಮಾಡಬೇಡಿ. ನಮ್ಮ ಸ್ಟೀಲ್ ಟಿಫಿನ್ ಡಬ್ಬಿ ಎಷ್ಟೇ ಗಟ್ಟಿಯಾದರೂ ರಬ್ಬರ್ ಪಟ್ಟಿಯಿಲ್ಲದೆ ಮಲೆನಾಡಿನ ಒಂದು ಮಳೆಗಾಲ ತಾಳುವುದಿಲ್ಲ. ತಿಂಡಿ ತುಂಬಿದ್ದ ಡಬ್ಬಿಯನ್ನಂತೂ ಬಳಸಲೇಬೇಡಿ. ಎಷ್ಟು ತೊಳೆದರೂ ಕೋತಿ, ಅಳಿಲು, ಇರುವೆಗಳಿಗೆ ವಾಸನೆ ಗೊತ್ತಾಗುತ್ತದೆ.

ಇಡುವ ಮೊದಲು ಪರೀಕ್ಷೆ ಮಾಡಿ. ಒಳಗೆ ಒಂದು ಒಣ ಕಾಗದ ಹಾಕಿ, ಬಕೆಟ್ ನೀರಿನಲ್ಲಿ ಕಲ್ಲು ಹೇರಿ ರಾತ್ರಿಯಿಡೀ ಮುಳುಗಿಸಿ. ಬೆಳಿಗ್ಗೆ ಕಾಗದ ಒಣಗಿದ್ದರೆ ಆ ಡಬ್ಬಿ ಪಾಸು. ತೇವ ಹೀರುವ ಸಿಲಿಕಾ ಪೊಟ್ಟಣಗಳನ್ನು ನಂಬಿ ಕೂರಬೇಡಿ, ಅವು ಕೆಲವೇ ದಿನಗಳಲ್ಲಿ ತುಂಬಿಹೋಗುತ್ತವೆ. ಪುಸ್ತಕಕ್ಕೆ ಜಲನಿರೋಧಕ ಕಾಗದ, ಜೊತೆಗೆ ಒಂದು ಪೆನ್ಸಿಲು. ಪೆನ್ನಿನ ಶಾಯಿ ಚಳಿಗೆ ಹೆಪ್ಪುಗಟ್ಟುತ್ತದೆ, ಬಿಸಿಲಿಗೆ ಸೋರುತ್ತದೆ. ಡಬ್ಬಿಯ ಮೇಲೆ ಇದು ಜಿಯೋಕ್ಯಾಶಿಂಗ್ ಆಟದ್ದು, ಅಪಾಯಕಾರಿ ಅಲ್ಲ ಎಂದು ಬರೆದು ಅಂಟಿಸಿ. ಕರ್ನಾಟಕದಲ್ಲಾದರೆ ಕನ್ನಡದಲ್ಲೂ ಬರೆಯಿರಿ. ಅದನ್ನು ಆಕಸ್ಮಿಕವಾಗಿ ಕಾಣುವವರು ದನ ಮೇಯಿಸುವವರೋ ಉದ್ಯಾನದ ಮಾಲಿಯೋ ಆಗಿರುತ್ತಾರೆ.

5. ನಿರ್ದೇಶಾಂಕ

ಡಬ್ಬಿ ಇಟ್ಟು, ಒಂದು ಸಲ ಮೊಬೈಲ್ ನೋಡಿ, ಬಂದ ಅಂಕಿಯನ್ನು ಬರೆದುಕೊಂಡರೆ ಸಾಲದು. ಇಪ್ಪತ್ತು ಮೀಟರ್ ದೂರ ಹೋಗಿ, ಬೇರೆ ದಿಕ್ಕಿನಿಂದ ಬಂದು, ಉಪಕರಣವನ್ನು ಡಬ್ಬಿಯ ಮೇಲಿಟ್ಟು ಒಂದೆರಡು ನಿಮಿಷ ಕಾದು ಓದಿ. ಹೀಗೆ ಹಲವು ಸಲ ಮಾಡಿ ಸರಾಸರಿ ತೆಗೆಯಿರಿ. ಸಾಧ್ಯವಾದರೆ ಇನ್ನೊಂದು ದಿನ, ಬೇರೆ ಹೊತ್ತಿನಲ್ಲಿ ಮತ್ತೆ ಮಾಡಿ. ಅಷ್ಟರಲ್ಲಿ ತಲೆಯ ಮೇಲಿನ ಉಪಗ್ರಹಗಳ ಜೋಡಣೆ ಬದಲಾಗಿರುತ್ತದೆ.

ಈ ಆಟದಲ್ಲಿ ಡಿಗ್ರಿ ಮತ್ತು ದಶಮಾಂಶ ನಿಮಿಷದ ಬರವಣಿಗೆ ರೂಢಿ. ನಿಮಿಷದ ಮೂರನೆಯ ದಶಮಾಂಶ ಒಂದಂಕಿ ತಪ್ಪಿದರೆ ಅಕ್ಷಾಂಶದಲ್ಲಿ ಆಗುವ ವ್ಯತ್ಯಾಸ ಸುಮಾರು 1.85 ಮೀಟರ್, ಹೆದರುವಂಥದ್ದಲ್ಲ. ಅನಾಹುತವಾಗುವುದು ಬರವಣಿಗೆಯ ರೂಪ ಅದಲುಬದಲಾದಾಗ. 12.950 ಡಿಗ್ರಿ ಎಂದರೆ 12° 57.000′. ಇದನ್ನು ಯಾರಾದರೂ 12.57 ಡಿಗ್ರಿ ಎಂದು ಬರೆದರೆ ಲಾಲ್‌ಬಾಗಿನಲ್ಲಿರಬೇಕಾದದ್ದು ಸುಮಾರು 42 ಕಿಲೋಮೀಟರ್ ದಕ್ಷಿಣಕ್ಕೆ ಹೋಗುತ್ತದೆ. ಕಳಿಸುವ ಮುನ್ನ ಆ ಅಂಕಿಗಳನ್ನು ಉಪಗ್ರಹ ನಕ್ಷೆಯಲ್ಲಿ ಹಾಕಿ ನೋಡಿ. ಅದಕ್ಕೂ ಒಳ್ಳೆಯದೆಂದರೆ ಜಾಗ ಗೊತ್ತಿಲ್ಲದ ಸ್ನೇಹಿತರೊಬ್ಬರಿಗೆ ಅಂಕಿ ಕೊಟ್ಟು ಹುಡುಕಲು ಹೇಳಿ, ನೀವು ಬಾಯಿ ಮುಚ್ಚಿಕೊಂಡು ಹಿಂದೆ ನಿಲ್ಲುವುದು. ಅವರು ಎಲ್ಲಿ ತಡವರಿಸುತ್ತಾರೆ, ಏನನ್ನು ತುಳಿಯುತ್ತಾರೆ, ಯಾವ ಕಲ್ಲನ್ನು ವೃಥಾ ಎತ್ತುತ್ತಾರೆ ಎಂಬುದೆಲ್ಲ ಆಗ ಕಾಣುತ್ತದೆ.

6. ವಿವರಣೆ ಮತ್ತು ಸುಳಿವು

ವಿವರಣೆಯಲ್ಲಿ ನೀವು ಈ ಜಾಗವನ್ನೇ ಏಕೆ ಆರಿಸಿದಿರಿ ಎಂಬುದನ್ನು ಬರೆಯಿರಿ. ಕೆರೆ ಕಟ್ಟಿಸಿದವರು ಯಾರು, ಮರ ಯಾವ ಜಾತಿಯದು, ವಾಹನ ನಿಲ್ಲಿಸುವುದು ಎಲ್ಲಿ, ಬಸ್ಸಿನಲ್ಲಿ ಬಂದರೆ ಎಲ್ಲಿ ಇಳಿಯಬೇಕು. ವಿಕಿಪೀಡಿಯಾದಿಂದ ಎತ್ತಿ ತುಂಬಿದ ಮೂರು ಪುಟಗಳನ್ನು ಬಿಸಿಲಿನಲ್ಲಿ ನಿಂತು ಯಾರೂ ಓದುವುದಿಲ್ಲ.

ಸುಳಿವು ನಿಜವಾಗಿ ಸುಳಿವಾಗಿರಲಿ. ‘ಕಣ್ಣು ತೆರೆದು ನೋಡಿ’ ಎಂಬಂಥ ಜಾಣತನಕ್ಕಿಂತ ‘ಮೊಣಕಾಲಿನೆತ್ತರ, ಬೇರಿನ ಹಿಂದೆ’ ಎಂಬುದು ಉಪಕಾರ. ಸುಳಿವು ಎಲ್ಲರ ಕಣ್ಣಿಗೆ ಬೀಳದಂತೆ ವೆಬ್‌ಸೈಟ್ ಪ್ರತಿ ಅಕ್ಷರವನ್ನೂ ಹದಿಮೂರು ಸ್ಥಾನ ಸರಿಸಿ ತೋರಿಸುತ್ತದೆ. ಈ ತಂತ್ರ ರೋಮನ್ ಲಿಪಿಯ 26 ಅಕ್ಷರಗಳಿಗೆ ಮಾತ್ರ ಅನ್ವಯ. ಕನ್ನಡದಲ್ಲಿ ಬರೆದ ಸುಳಿವು ಅದರಲ್ಲಿ ಹಾದರೂ ಹಾಗೆಯೇ ಹೊರಬರುತ್ತದೆ. ಕನ್ನಡ ಬಲ್ಲವರಿಗೆ ಇದೊಂದು ಪುಕ್ಕಟೆ ರಿಯಾಯಿತಿ.

ಕಷ್ಟದ ಅಂಕಗಳನ್ನು ಪ್ರಾಮಾಣಿಕವಾಗಿ ಕೊಡಿ. ಅರ್ಧ ತಾಸು ಹುಡುಕಿಸುವ ಡಬ್ಬಿಗೆ 1.5 ಕೊಟ್ಟು ಜನರನ್ನು ಪೇಚಿಗೆ ಸಿಕ್ಕಿಸುವುದು ಕೆಲವರಿಗೆ ಖುಷಿ. ಗಾಲಿಕುರ್ಚಿಯಲ್ಲಿ ಬಂದವರು ನಿಮ್ಮ ಸುಳ್ಳು 1 ಅಂಕ ನಂಬಿ ಮೆಟ್ಟಿಲಿನ ಬುಡದಲ್ಲಿ ನಿಲ್ಲಬೇಕಾದರೆ ಅದು ತಮಾಷೆಯಲ್ಲ. ಕಷ್ಟವಾಗಲಿ ಎಂದು ಸಾವಿರ ಒಂದೇ ಥರದ ಕಲ್ಲುಗಳ ನಡುವೆ ಬೆರಳ ತುದಿಯಷ್ಟು ಡಬ್ಬಿ ಇಡುವುದೂ ಜಾಣತನವಲ್ಲ. ಮರದ ತೊಗಟೆಯಂತೆಯೇ ಕಾಣುವ ಮುಚ್ಚಳ ಮಾಡಿ ಎದುರಿಗೇ ಇಟ್ಟರೆ ಹುಡುಕಿದವರು ನಗುತ್ತಾರೆ, ಇನ್ನೊಬ್ಬರಿಗೆ ಹೇಳುತ್ತಾರೆ. ಹಣ ಕೊಟ್ಟ ಸದಸ್ಯರಿಗೆ ಪ್ರತಿ ಹತ್ತು ಹುಡುಕಾಟಕ್ಕೆ ಒಂದು ‘ಮೆಚ್ಚಿನ’ ಅಂಕ ಕೊಡುವ ಅವಕಾಶವಿದೆ. ಊರಿನಲ್ಲಿ ಆ ಅಂಕ ಹೆಚ್ಚು ಪಡೆದ ಕ್ಯಾಶ್‌ಗಳನ್ನು ಮೊದಲು ಹೋಗಿ ನೋಡಿ. ಅಡಗಿಸುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಶಾಲೆಯಿಲ್ಲ.

7. ಪ್ರಕಟವಾದ ಮೇಲೆ

ನೀವು ಕಳಿಸಿದ್ದನ್ನು ಸ್ವಯಂಸೇವಕ ಪರಿಶೀಲಕರೊಬ್ಬರು ನೋಡಿ, ಪ್ರಶ್ನೆ ಕೇಳಿ, ಪ್ರಕಟಿಸುತ್ತಾರೆ. ಸಿಯಾಟಲ್‌ನಂಥ ಊರಿನಲ್ಲಾದರೆ ಮೊದಲು ಹುಡುಕಿದವನೆಂಬ ಹೆಮ್ಮೆಗಾಗಿ ರಾತ್ರಿಯೇ ಟಾರ್ಚು ಹಿಡಿದು ಓಡುವವರಿದ್ದಾರೆ. ಅಕ್ಕಪಕ್ಕದವರಿಗೆ ಗಾಬರಿಯಾಗುವ ಜಾಗವಾದರೆ ಇದನ್ನೂ ಯೋಚಿಸಿರಬೇಕು.

ಆಮೇಲಿನದು ನಿರ್ವಹಣೆ, ಇದಕ್ಕೆ ಕೊನೆಯಿಲ್ಲ. ಪುಸ್ತಕ ತುಂಬುತ್ತದೆ, ಮುಚ್ಚಳ ಮುರಿಯುತ್ತದೆ, ಮರ ಬೀಳುತ್ತದೆ. ‘ಪುಸ್ತಕ ಒದ್ದೆ’ ಎಂಬ ಲಾಗ್ ಬಂದ ಒಂದೆರಡು ವಾರದಲ್ಲಿ ಹೋಗಿ ನೋಡಬೇಕು. ಈ ಕಾರಣಕ್ಕೇ ಪ್ರವಾಸ ಹೋದಲ್ಲಿ ಅಡಗಿಸಿ ಬರುವುದಕ್ಕೆ ಒಪ್ಪಿಗೆ ಇಲ್ಲ. ಅಮೆರಿಕದಿಂದ ರಜೆಗೆ ಬಂದವರು ಊರಿನ ಗುಡ್ಡದಲ್ಲಿ ಡಬ್ಬಿ ಇಡಬೇಕೆಂದಿದ್ದರೆ, ಅಲ್ಲೇ ಇರುವ ತಮ್ಮನನ್ನೋ ಗೆಳೆಯನನ್ನೋ ನೋಡಿಕೊಳ್ಳಲು ಒಪ್ಪಿಸಿ, ಅದನ್ನು ಪರಿಶೀಲಕರಿಗೆ ತಿಳಿಸಿ. ಜೂನ್‌ಗೆ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ನೋಡಿ ಬರುವವರು ಸಿಕ್ಕಿದರೆ ಸಾಕು. ಹಾಗೆ ಹೋದಾಗ ಸುತ್ತಲಿನ ಪ್ಲಾಸ್ಟಿಕ್ ಕಸವನ್ನೂ ಒಂದು ಚೀಲಕ್ಕೆ ತುಂಬಿಕೊಂಡು ಬರುವುದು ಈ ಆಟದ ಹಳೆಯ ಪದ್ಧತಿ.

ಊರು ಬಿಡಬೇಕಾಗಿ ಬಂದರೆ ಕ್ಯಾಶನ್ನು ಇನ್ನೊಬ್ಬ ಆಟಗಾರರ ಹೆಸರಿಗೆ ವರ್ಗಾಯಿಸಬಹುದು. ಯಾರೂ ಸಿಗದಿದ್ದರೆ ಮೊದಲು ಹೋಗಿ ಡಬ್ಬಿಯನ್ನು ಎತ್ತಿಕೊಂಡು ಬನ್ನಿ, ಆಮೇಲೆ ವೆಬ್‌ಸೈಟಿನಲ್ಲಿ ಅದನ್ನು ಮುಚ್ಚಿ. ಒಳಗೆ ಟ್ರಾವೆಲ್ ಬಗ್ ಇದ್ದರೆ ಹತ್ತಿರದ ಬೇರೊಂದು ಕ್ಯಾಶ್‌ಗೆ ದಾಟಿಸಿ. ಅದರ ಮಾಲೀಕರು ಅದು ಹೊರಡುವುದನ್ನು ಕಾಯುತ್ತಿರುತ್ತಾರೆ.